ಸೀಸೆಯ ತಳದ ಎಣ್ಣೆ

ಹೊರಗಿನಿಂದ ಬಂದಾಗಲೆಲ್ಲ ನಾನು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕಿತ್ತು. ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಮಾವ ಕಣ್ಣು ಮುಚ್ಚಿ, ತಲೆಯನ್ನು ತುಸು ಹಿಂದಕ್ಕೆ ಒರಗಿಸಿ, ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ ಕಣ್ಣು ತೆರೆದು "ಹೂಂ, ಹೋಗು" ಎನ್ನುತ್ತಿದ್ದರು. ಆ ಮಾತು ಬರುವವರೆಗೆ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಮಾವ ಮರಿಬಸಪ್ಪನವರು ಊದುಬತ್ತಿ ಕಾರ್ಖಾನೆಯಲ್ಲಿ ಗಂಧ ಬೆರೆಸುವವರು. ಅವರ ಮೂಗಿನ ಬಗ್ಗೆ ಊರಲ್ಲಿ ಕತೆಗಳೇ ಇದ್ದವು. ಕಾರ್ಖಾನೆಯಲ್ಲಿ ಎಣ್ಣೆಗಳು ಮುಗಿಯುತ್ತ ಬಂದಾಗ, ತಳದಲ್ಲಿ ಒಂದು ಬೆರಳು, ಎರಡು ಬೆರಳು ಉಳಿದ ಸೀಸೆಗಳನ್ನು ಅವರು ಚೀಲದಲ್ಲಿ ಮನೆಗೆ ತರುತ್ತಿದ್ದರು. ಅತ್ತೆ ಅದರಲ್ಲಿ ಒಂದು ತೊಟ್ಟನ್ನೂ ಹಾಳುಮಾಡುತ್ತಿರಲಿಲ್ಲ. ನೆಲ ಒರೆಸುವ ಸೋಪಿನ ನೀರಿಗೆ ನಿಂಬೆಹುಲ್ಲಿನ ಎಣ್ಣೆ. ಬಟ್ಟೆಯ ಬೀರುವಿಗೆ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯುಂಡೆ. ಹಾಸಿಗೆ ಬಿಸಿಲಿಗೆ ಹಾಕಿದ ದಿನ ಅದರ ಅಂಚಿಗೆ ನೀಲಗಿರಿ. ಬಚ್ಚಲ ತೂಬಿಗೆ ಸೋಡಾಪುಡಿಯಲ್ಲಿ ಕಲಸಿದ ಕಿತ್ತಳೆ ಎಣ್ಣೆ. ನನ್ನ ತಲೆಗೂದಲಲ್ಲಿ, ಅನ್ನದ ತಟ್ಟೆಯಲ್ಲಿ, ಕನಸಿನಲ್ಲೂ ಆ ವಾಸನೆಗಳಿದ್ದವು.

ನನ್ನ ಗಂಡ ಅದೇ ಕಾರ್ಖಾನೆಯ ಮಾಲನ್ನು ಊರೂರಿಗೆ ಮಾರುವವರು. ತಿಂಗಳಲ್ಲಿ ನಾಲ್ಕೈದು ದಿನ ಮನೆಯಲ್ಲಿದ್ದರೆ ಹೆಚ್ಚು. ಅಪ್ಪ ಅಮ್ಮ ಇಲ್ಲದ ನನಗೆ ತವರೆಂದರೆ ಅಕ್ಕ ಪ್ರೇಮಲೀಲ ಒಬ್ಬಳೇ. ಅವಳು ಬೇಕರಿಯ ಫ್ರಾನ್ಸಿಸ್ ಅವರನ್ನು ಮೆಚ್ಚಿ ಮದುವೆಯಾಗಿ, ಅದೇ ಊರಿನ ಕೆಳಗಿನ ಬೀದಿಯಲ್ಲಿ, ಬೇಕರಿಯ ಹಿಂದಿನ ಎರಡು ಕೋಣೆಗಳಲ್ಲಿದ್ದಳು. ನಮ್ಮ ಮದುವೆಯ ಮಾತುಕತೆಯಲ್ಲೇ ಮಾವ ಹೇಳಿಬಿಟ್ಟಿದ್ದರು: "ಅಕ್ಕನ ಸಂಬಂಧ ಅಲ್ಲಿಗೆ ಮುಗೀತು ಅಂತಿದ್ರೆ ಮಾತ್ರ ಮುಂದಿನ ಮಾತು." ಹಿರಿಯರಾಗಿ ಬಂದಿದ್ದ ಸೋದರಮಾವ ನನ್ನ ಪರವಾಗಿ ತಲೆಯಾಡಿಸಿದರು.

ಆದರೂ ನಾನು ಹೋಗುತ್ತಿದ್ದೆ. ತರಕಾರಿಗೆಂದು ಹೊರಟು, ಕಾಲು ಗಂಟೆ ಅಕ್ಕನ ಅಡುಗೆಮನೆಯಲ್ಲಿ ಕೂತು ಬರುತ್ತಿದ್ದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ, ಬಾಗಿಲಲ್ಲಿ ಉಸಿರೆಳೆದ ಮಾವ ಕಣ್ಣು ತೆರೆಯದೆಯೇ ಹೇಳಿದರು.

"ನೀನು ಬೇಕ್ರಿ ಬೀದಿಗೆ ಹೋಗಿದ್ದೆ."

ಸೆರಗಿನಲ್ಲಿ ಬನ್ನಿನ ವಾಸನೆ ಅಂಟಿಕೊಂಡು ಬಂದಿರಬೇಕು ಎಂದುಕೊಂಡೆ.

"ಇನ್ನೊಂದ್ಸಲ ಆ ವಾಸನೆ ಈ ಮನೆಗೆ ಬಂದ್ರೆ, ನೀನೂ ಅಲ್ಲೇ ಇದ್ಬಿಡು" ಎಂದರು. ದನಿ ಏರಿಸಲಿಲ್ಲ. ಮೂರು ತಿಂಗಳ ಬಸುರಿಯಾಗಿದ್ದ ಅಕ್ಕ ಅಂದು ನನಗೆ ವಿಷಯ ಹೇಳಿ ಕೈ ಹಿಡಿದುಕೊಂಡಿದ್ದಳು. ಆ ಕೈಯನ್ನು ಮತ್ತೆ ನೋಡಲು ನನಗೆ ವರ್ಷವೇ ಬೇಕಾಯಿತು.

ಯಾರೂ ನನ್ನನ್ನು ಕೂಡಿಹಾಕಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು. ತರಕಾರಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಆದರೆ ಆ ಮೂಗು ನನ್ನ ಬೆನ್ನಿಗೇ ಇರುತ್ತಿತ್ತು. ಯಾರ ಪಕ್ಕ ನಿಂತೆ, ಯಾವ ಅಂಗಡಿಯ ಗಾಳಿ ತಾಗಿತು ಎಂದು ನಾನೇ ನನ್ನ ಮೈಯನ್ನು ಮೂಸಿಕೊಳ್ಳುವುದನ್ನು ಕಲಿತೆ. ಒಂದು ದಿನ ಸೊಪ್ಪಿನವಳು, "ನಿಮ್ಮಕ್ಕಂಗೆ ಹೆಣ್ಮಗು ಆಯ್ತಂತಲ್ಲ" ಎಂದು ಹೇಳಿಹೋದಳು. ಎರಡು ದಿನ ತಡೆದೆ. ಮೂರನೆಯ ದಿನ ಸೀರೆಯ ಅಂಚಿಗೆ, ಜಡೆಗೆ, ಮಣಿಕಟ್ಟಿಗೆ ನೀಲಗಿರಿ ಎಣ್ಣೆ ಬಳಿದುಕೊಂಡು ಹೊರಟೆ. ಬೇಕರಿ ಬೀದಿಯ ಮೂಲೆ ತಲುಪುವಷ್ಟರಲ್ಲಿ ಒಲೆಯಿಂದ ಆಗತಾನೆ ತೆಗೆದ ಬನ್ನಿನ ಬಿಸಿಗಾಳಿ ಮುಖಕ್ಕೆ ಬಡಿಯಿತು. ಎಷ್ಟು ನೀಲಗಿರಿ ಬಳಿದರೂ ಇದನ್ನು ಮುಚ್ಚಲಾಗದು ಅನ್ನಿಸಿ, ಅಲ್ಲಿಂದಲೇ ಹಿಂತಿರುಗಿದೆ.

ಮಾವ ಎಂದಿನಂತೆ ಉಸಿರೆಳೆದರು. "ಎಲ್ಲೋ ನಿಂತು ಬಂದಿದೀಯ" ಎಂದರು.

ಅಂದಿನಿಂದ ತರಕಾರಿಗೂ ಹೋಗುವುದನ್ನು ಬಿಟ್ಟೆ.

ಕೆಲಸವಾದರೂ ಇರಲೆಂದು ಸೀಸೆಗಳ ಉಸ್ತುವಾರಿ ನಾನು ವಹಿಸಿಕೊಂಡೆ. ಒಂದೇ ಬಗೆಯ ತಳದ ಎಣ್ಣೆಗಳನ್ನು ಸೇರಿಸಿ, ಹಳೆಯ ಚೀಟಿಯ ಅಂಟನ್ನು ನೀಲಗಿರಿ ಎಣ್ಣೆಯ ಬಟ್ಟೆಯಿಂದ ಉಜ್ಜಿ ತೆಗೆದು, ಹೊಸ ಚೀಟಿ ಬರೆದು ಅಂಟಿಸುತ್ತಿದ್ದೆ. ಒಂದು ಶನಿವಾರ ಸಂಜೆ ಪಕ್ಕದ ಮನೆಯ ಹೆಡ್‌ಮಾಸ್ತರು ಶಿವನಂಜಪ್ಪನವರು ಬಂದರು. ಅವರ ಪುಸ್ತಕಗಳಿಗೆ ಹುಳ ಬಿದ್ದಿತ್ತು. ಮಾವ ನನ್ನಿಂದ ಸೀಸೆಗಳ ತಟ್ಟೆ ತರಿಸಿ, ಒಂದನ್ನೆತ್ತಿ, ಚೀಟಿಯತ್ತ ಕಣ್ಣಾಡಿಸಿ, ಮುಚ್ಚಳ ತೆರೆದು ಮೂಗಿಗೆ ಹಿಡಿದರು.

"ಲಾವಂಚ. ಹೊಳೆದಂಡೆ ಬೇರು ಇದು, ಗುಡ್ಡದ್ದಲ್ಲ. ಆ ಮಣ್ಣಿನ ತಂಪು ನೋಡಿ, ಮೇಷ್ಟ್ರೇ."

ಕಾಫಿ ಹಿಡಿದು ನಿಂತಿದ್ದ ನನಗೆ ಅಷ್ಟು ದೂರಕ್ಕೂ ಘಾಟು ಬಡಿಯಿತು. ಅದು ಲವಂಗ. ಹಲ್ಲುನೋವು ಬಂದ ಮಕ್ಕಳಿಗೂ ಗೊತ್ತಿರುವ ವಾಸನೆ. ಎರಡೂ ಎಣ್ಣೆ ಜೇನಿನ ಬಣ್ಣದವು. ಚೀಟಿ ಅಂಟಿಸುವಾಗ ನಾನು ಅದಲುಬದಲು ಮಾಡಿದ್ದೆ. ಮೇಷ್ಟ್ರು ಸೀಸೆಯನ್ನು ಮೂಗಿನ ಹತ್ತಿರ ತಂದರು, ಹುಬ್ಬುಗಂಟಿಕ್ಕಿದರು, ಮಾವನ ಮುಖ ನೋಡಿದರು. "ಹೌದೌದು, ತಂಪಾಗಿದೆ" ಎಂದರು.

ಮೇಷ್ಟ್ರು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತೆಯ ಎದುರು ನಿಂತೆ. ಏನನ್ನೂ ಕೇಳಬೇಕಾಗಿ ಬರಲಿಲ್ಲ. ಅವರಿಗೂ ಘಾಟು ಬಡಿದಿತ್ತು.

"ಎರಡು ವರ್ಷ ಆಯ್ತು" ಎಂದರು, ಅವರೆಕಾಯಿ ಸುಲಿಯುತ್ತಲೇ. "ಒಂದು ಜ್ವರ ಬಂತು, ಮೂಗು ಹೊರಟೋಯ್ತು. ಕಾರ್ಖಾನೇಲಿ ಹಳೇ ಅಳತೆ ಪುಸ್ತಕ ಇದೆ, ಅದರಂತೆ ತೂಗಿ ಬೆರೆಸ್ತಾರೆ."

"ಮತ್ತೆ ಬೇಕ್ರಿ ವಾಸನೆ?"

"ವಾಸನೆ ಎಲ್ಲಿ ಬಂತು? ಕಾರ್ಖಾನೇಲಿ ಪ್ಯಾಕಿಂಗ್ ಮಾಡೋಳು ಯಾರೋ ನಿನ್ನ ಅಲ್ಲಿ ನೋಡಿ ಅವರಿಗೆ ಹೇಳಿದ್ಲು, ಆಮೇಲೆ ನಂಗೂ ಹೇಳಿದ್ಲು."

"ಮನೆಗೆಲ್ಲ ಈ ಎಣ್ಣೆ ಹಾಕ್ತಿದ್ರಲ್ಲ ಅತ್ತೆ. ನನ್ನ ಮೇಲಿನ ವಾಸನೆ ಮುಚ್ಚೋಕೆ ಅಂತ ನಾನು ಎಷ್ಟೋ ಸಲ ಅಂದ್ಕೊಂಡಿದ್ದೆ."

ಅತ್ತೆಯ ಕೈ ನಿಂತಿತು. "ಸುಳ್ಳು ಹೇಳಲ್ಲ ಕಣಮ್ಮ. ಅದು ಅವರಿಗೋಸ್ಕರ. ಯಾರಾದ್ರೂ ಬಂದು ಇದೇನು ವಾಸನೆ ಅಂತ ಕೇಳಿದ್ರೆ, ಈ ಎಣ್ಣೆಗಳ ಘಾಟಲ್ಲಿ ಬೇರೇನೂ ಗೊತ್ತಾಗಲ್ಲ ಅನ್ನೋಕೆ ಅವರಿಗೊಂದು ನೆಪ ಇರ್ಲಿ ಅಂತ. ನಂಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ."

"ನಾನು ಆ ಮೂಗಿಗೆ ಹೆದರಿ ಅಕ್ಕನ ಬಾಣಂತನಕ್ಕೂ ಹೋಗಲಿಲ್ಲ. ನೀವು ನೋಡ್ತಾನೇ ಇದ್ರಿ."

"ಇದ್ದೆ" ಎಂದರು ಅತ್ತೆ. ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಆ ರಾತ್ರಿ ನನಗೆ ಬಂದ ಸಿಟ್ಟು ಅವರಿಬ್ಬರ ಮೇಲಷ್ಟೇ ಆಗಿರಲಿಲ್ಲ. ಇಲ್ಲದ ಕಾವಲುಗಾರನಿಗೆ ಹೆದರಿ ಒಳಗೆ ಕೂತವಳು ನಾನು ಎಂಬುದು ಹೆಚ್ಚು ಉರಿಯುತ್ತಿತ್ತು.

ಮಾರನೆಯ ದಿನ ಕಾರ್ಖಾನೆಗೆ ರಜೆ. ಊಟವಾದ ಮೇಲೆ ನಾನು ಸೀರೆ ಬದಲಿಸಿ ಬಾಗಿಲಿಗೆ ಬಂದೆ. ಮಾವ ಕಾಲು ಚಾಚಿ ಕೂತಿದ್ದರು.

"ಎಲ್ಲಿಗೆ?"

"ಅಕ್ಕನ ಮನೆಗೆ, ಮಾವ. ಮಗುವಿಗೆ ಐದು ತಿಂಗಳು."

"ನಾನು ಅವತ್ತು ಏನು ಹೇಳಿದ್ದೆ?"

ದನಿ ತಗ್ಗಿಸಿ ಹೇಳಿದೆ: "ನಿನ್ನೆ ಮೇಷ್ಟ್ರಿಗೆ ಕೊಟ್ಟ ಸೀಸೆಯಲ್ಲಿ ಲವಂಗದೆಣ್ಣೆ ಇತ್ತು, ಮಾವ. ಚೀಟಿ ನಾನು ತಪ್ಪಾಗಿ ಅಂಟಿಸಿದ್ದೆ."

ಅವರು ನನ್ನನ್ನು ನೋಡಲಿಲ್ಲ. ಕುರ್ಚಿಯ ಕೈ ಮೇಲಿದ್ದ ಬೆರಳುಗಳು ಮಾತ್ರ ಬೆತ್ತದ ಹೆಣಿಗೆಯನ್ನು ಬಿಗಿಯಾಗಿ ಹಿಡಿದವು. ಅಷ್ಟು ಸಣ್ಣ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ.

"ನಿಮ್ಮತ್ತೆಗೆ ಗೊತ್ತಾ?"

ಒಳಗೆ ಪಾತ್ರೆಯ ಸದ್ದು ನಿಂತುಹೋಗಿತ್ತು.

"ಇಲ್ಲ" ಎಂದೆ. "ಯಾರಿಗೂ ಹೇಳಲ್ಲ."

ಮಾವ ಚಾಚಿದ್ದ ಕಾಲುಗಳನ್ನು ಒಂದೊಂದಾಗಿ ಒಳಕ್ಕೆಳೆದುಕೊಂಡರು. ನಾನು ದಾಟಿಹೋದೆ. ಅವರು ಇನ್ನೊಂದು ವರ್ಷ ದುಡಿದು, ಮಂಡಿನೋವೆಂದು ಹೇಳಿ ಕೆಲಸ ಬಿಟ್ಟರು. ಆ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಗಂಡನಿಗೂ ಅದು ಕೊನೆಯವರೆಗೆ ಗೊತ್ತಾಗಲಿಲ್ಲ.

ಅಂದು ಅಕ್ಕ ಬಾಗಿಲು ತೆರೆದವಳು ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಕಾಫಿಗೆ ಇಟ್ಟಳು. ಮಗು ನನ್ನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ, ಅಲ್ಲೇ ನಿದ್ದೆಹೋಯಿತು. ಹೊರಗೆ ಬೀದಿದೀಪ ಹತ್ತಿಕೊಂಡಿತು. "ಹೊತ್ತಾಯ್ತಲ್ಲೇ, ಹೊರಡಲ್ವಾ?" ಎಂದು ಅಕ್ಕ ಎರಡು ಸಲ ಕೇಳಿದಳು. ನನ್ನ ಎರಡೂ ಕಾಲು ಜೋಮು ಹಿಡಿದಿದ್ದವು. ಮಗು ಎಚ್ಚರವಾದೀತೆಂದು, ನಾನು ಕೂತಲ್ಲಿಂದ ಅಲುಗಾಡಲಿಲ್ಲ.