ಫ್ರೌ ಕಸ್ತೂರಿಬಾಯಿ

ನಮ್ಮ ಸೊಸಿ ಭಾಗ್ಯಶ್ರೀ ಹದಿನೈದು ದಿನ ನನ್ನ ಪೇಶಂಟ್ ಮಾಡಿ ಮಲಗಿಸಿದ್ದಳು. ನನಗ ಏನೂ ಆಗಿರಲಿಲ್ಲ, ಗಟ್ಟಿಮುಟ್ಟ ಅದೀನಿ. ಆಕಿ ನಾವಿದ್ದ ಮರಾಠಿ ಊರು ಸಂಭಾಜಿನಗರದಾಗ ನರ್ಸು. ಜರ್ಮನಿದಾಗ ವಯಸ್ಸಾದವರನ್ನ ನೋಡಿಕೊಳ್ಳೋ ನಾಕು ವರ್ಷದ ಕೆಲಸಕ್ಕ ಅರ್ಜಿ ಹಾಕಿದ್ದಳು. ಕಡೀ ಪರೀಕ್ಷಾ ವಿಡಿಯೋ ಮ್ಯಾಲ. ಏಳಲಾರದ ಮುದುಕಿನ ಹೆಂಗ ಎತ್ತತೀ, ಹೆಂಗ ಮಾತಾಡಸ್ತೀ, ತೋರಸಬೇಕು. ಮುದುಕಿ ಮನ್ಯಾಗ ಇದ್ದೇ ಇದ್ದೆನಲ್ಲ.

"ಫ್ರೌ ಕಸ್ತೂರಿಬಾಯಿ, ನಿಮ್ಮ ಕೈ ಹಿಡೀಲೇನ್ರಿ?" ಅಂತ ಜರ್ಮನ್‌ದಾಗ ಕೇಳೋದು; ಫ್ರೌ ಅಂದ್ರ ಶ್ರೀಮತಿ. ಅತ್ತಿ ಹೆಸರು ಹಿಡಿದು ಕರಿಯೋ ಸೊಸಿ ನಮ್ಮ ಬೀದರ್ ಕಡೆ ಇನ್ನೂ ಹುಟ್ಟಿಲ್ಲ. ಮೊದಲ ದಿನ ಆಕಿ ನಾಲಿಗಿ ಹೊರಳಲಿಲ್ಲ, ನನ್ನ ಮೈ ಉರೀತು. ಆದ್ರ ಸುಳ್ಳ್ಯಾಕ ಹೇಳ್ಲಿ, ನಾಕು ದಿನದಾಗ ರುಚಿ ಹತ್ತಿತು. ಕೈ ಎತ್ತಲೇನು, ಹೊದಿಕಿ ಸರಿಸಲೇನು, ಎಲ್ಲಾ ಕೇಳಿ ಕೇಳಿ ಮಾಡ್ತಾಳ. "ಯಾ", ಅಂದ್ರ ಹೂಂ, ಅಂತ ಅಪ್ಪಣಿ ಕೊಡೋದು ನಾನು.

ನಂದೂ ಒಂದು ಗುಟ್ಟಿತ್ತು. ನಾಶಿಕದಾಗ ಹೋಟೆಲ್ ನಡೆಸೋ ನಮ್ಮ ಗುರುತಿನ ಕುಂದಾಪುರದ ಕಿಟ್ಟಣ್ಣ, ಜೋಳದ ರೊಟ್ಟಿ ಊಟ ಸುರು ಮಾಡ್ತೀನಿ, ನೀವು ಬಂದು ಅಡಗಿಮನಿ ಹಿಡೀರಿ ಅಂದಿದ್ದ. ಇರಲಿಕ್ಕೆ ಖೋಲಿ, ಕೈಯಾಗ ಪಗಾರ. ಅರವತ್ತಕ್ಕ ಮೊದಲ ನೌಕರಿ ನೋಡ್ರಿ, ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ. ಸೊಸಿ ಪರೀಕ್ಷಾ ಮುಗೀಲಿ, ಆಮ್ಯಾಲ ಹೇಳಿದರಾಯಿತು ಅಂತ ಸುಮ್ಮನಿದ್ದೆ.

ಪರೀಕ್ಷಾ ದಿನ ಆಕಿ ನನ್ನ ಹೂವಿನಂಗ ಎತ್ತಿ ಕೂಡಿಸಿ, ಮತ್ತ ಮಲಗಿಸಿದಳು. ಫೋನಿನ್ಯಾಗಿನ ಜರ್ಮನ್ ಮೇಡಮ್‌ಗೆ ಖುಷಿ ಆತು. ಆಮ್ಯಾಲ ಏನೋ ಕೇಳಿದಳು. ಫೋನಿನ್ಯಾಗ ಆಕಿ ಜೋಡಿಗೆ ಕುಂತಿದ್ದ ಪುಣೆ ಏಜೆಂಟ್ ಹುಡುಗಿ, ಮನಿಯವರಿಗೂ ಗೊತ್ತಾಗಲಿ ಅಂತ, ಮರಾಠಿದಾಗ ತಿಳಿಸಿ ಹೇಳಿದಳು: ನೀವು ಬಂದರ ಆರು ವರ್ಷದ ಮಗಳನ್ನ ಯಾರು ನೋಡ್ತಾರ?

"ನಮ್ಮ ಅತ್ತಿ," ಅಂದಳು ಭಾಗ್ಯಶ್ರೀ. ತಡಾನೇ ಮಾಡಲಿಲ್ಲ.

ಹೊದಿಕಿ ಮುಟ್ಟಲಿಕ್ಕ ಅಪ್ಪಣಿ ಕೇಳೋಳು, ನನ್ನ ಮುಂದಿನ ನಾಕು ವರ್ಷ ಕೇಳದೇ ಕೊಟ್ಟುಬಿಟ್ಟಳು. ಏಳಲಾರದ ಮುದುಕಿ ನಾನು ಗಕ್ಕನ ಎದ್ದು ಕುಂತೆ. "ನನ್ನ ಯಾರು ಕೇಳ್ಯಾರ?" ಅಂದೆ, ಮರಾಠಿದಾಗ, ಎಲ್ಲಾರಿಗೂ ತಿಳೀಲಿ ಅಂತ.

ಸೊಸಿ ಮುಖ ಬಿಳಿಚಿತು. ಎರಡು ವರ್ಷ ಡ್ಯೂಟಿ ಮುಗಿಸಿ ಬಂದು ಆ ಭಾಷಾ ಕಲಿತಿದ್ದಳು, ಪಾಪ. ಆಕಿ ನನ್ನ ಕಡೆ ತಿರುಗಿ ಕನ್ನಡದಾಗ ಕೇಳಿದಳು, "ನೋಡಕೋತೀರೇನ್ರಿ, ಅತ್ತಿ?"

"ಇಲ್ಲವ್ವ. ನಾ ನಾಶಿಕಕ್ಕ ಹೊಂಟೀನಿ, ನೌಕರಿಗೆ. ಹುಡುಗಿ ಅಪ್ಪ ಅಲ್ಲೇ ನಿಂತಾನಲ್ಲ, ಅವನ್ನ ಕೇಳು."

ಬಾಗಿಲದಾಗ ನಿಂತಿದ್ದ ನನ್ನ ಮಗ ವಿನಯ, ಶೇಂದ್ರಾದಾಗ ಫ್ಯಾಕ್ಟರಿ ಕೆಲಸದವ, ಹಿಂದ ಯಾರರೇ ಅದಾರೇನಂತ ತಿರುಗಿ ನೋಡಿದ. "ನಂದು ಶಿಫ್ಟ್ ಇರತದಲ್ಲ," ಅಂದ.

"ನನಗಿಲ್ಲೇನು ಶಿಫ್ಟ್?" ಅಂದಳು ಭಾಗ್ಯಶ್ರೀ, ಭಾಳ ಮೆತ್ತಗ. ಜರ್ಮನ್ ಮೇಡಮ್ ಚಷ್ಮಾ ಏರಿಸಿ ಅವನ್ನೇ ನೋಡಿಕೋತ ಕುಂತಳು.

"ಹಗಲಿನ ಜನರಲ್ ಶಿಫ್ಟ್ ಕೇಳ್ತೀನಿ," ಅಂದ ಕಡೀಗೆ.

ಕೆಲಸ ಸಿಕ್ಕಿತು. ಆಕಿ ಹೋಗಿ ಮೂರು ತಿಂಗಳಾತು, ನಾನು ನಾಶಿಕಕ್ಕ ಬಂದು ಎರಡೂವರೆ. ಮೊಮ್ಮಗಳ ನೆನಪಿಗೆ ಕೆಲವು ದಿನ ಊಟ ಸೇರೋದಿಲ್ಲ. ನಿನ್ನಿ ಮುಂಜಾನೆ ವಿನಯ ಫೋನ್ ಮಾಡಿದ. ಶಾಲಿ ಬಸ್ ಬರೋ ಹೊತ್ತು, ಹುಡುಗಿ ಜಡಿ ಹೆಣೆದರ ನಿಲ್ಲವಲ್ದು, ಆಕಿ ಅಳ್ತಾಳ, ಹಾಲು ಉಕ್ಕತದ.

"ಅವ್ವಾ, ನೀ ಇದೆಲ್ಲಾ ಹೆಂಗ ಮಾಡ್ತಿದ್ದಿ? ನಮ್ಮ ಮ್ಯಾಲ ಸಿಟ್ಟು ಬರ್ತಿರಲಿಲ್ಲೇನು?"

"ಬರ್ತಿತ್ತು," ಅಂದೆ. ಮೂವತ್ತೈದು ವರ್ಷದಾಗ ಮೊದಲ ಸಲ ಕೇಳಿದ್ದ. ಆಮ್ಯಾಲ, ಕೂದಲ ಮೂರು ಎಳಿ ಮಾಡು, ಬಿಗಿ ಹಿಡಿ, ನಾ ಫೋನ್ ಇಡಂಗಿಲ್ಲ ಅಂದೆ, ಹಿಟ್ಟಿನ ಕೈಲೇ.