ನೊರೆ ಬಂದರೆ ಒಗೆಯುತ್ತೇನೆ

ಒಂದು ಕಾಲದಲ್ಲಿ, ಅಂದರೆ ಹೋದ ವರ್ಷ, ನಮ್ಮ ಬಚ್ಚಲಲ್ಲಿ ಒಬ್ಬ ರಾಕ್ಷಸನಿದ್ದ: ಮೆಕ್ಯಾನಿಕ್ ಅಣ್ಣನ ಗ್ರೀಸು ಮೆತ್ತಿದ ಪ್ಯಾಂಟು. ಅದನ್ನು ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ದುಹೋಗಿತ್ತು. ಅಂಗಡಿ ಸೋಪಿಗೆ ಅದು ಜಗ್ಗದಿದ್ದಾಗ, ನಾನೇ ಸೋಪು ಮಾಡುತ್ತೇನೆಂದು ಕೊಬ್ಬರಿ ಎಣ್ಣೆ, ಕಾಸ್ಟಿಕ್ ಸೋಡಾ ತಂದೆ.

"ನಿನ್ನ ಸೋಪಲ್ಲಿ ನೊರೆ ಬಂದ್ರೆ ಇನ್ಮೇಲೆ ನನ್ನ ಪ್ಯಾಂಟು ನಾನೇ ಒಗೀತೀನಿ ಕಣೇ!" ಎಂದು ಅಣ್ಣ ನಕ್ಕ.

ಸೋಡಾ ಕರಗಿಸಿದ ನೀರನ್ನು ಎಣ್ಣೆಗೆ ಸುರಿದು ಎಷ್ಟು ಕದಡಿದರೂ ಅದು ಗಟ್ಟಿಯಾಗಲೊಲ್ಲದು.

"ಕೈ ನಿಲ್ಲಿಸ್ಬೇಡ, ರಾಜಕುಮಾರಿ ಕಪ್ಪೆ ಆಗ್ಬಿಡ್ತಾಳೆ," ಎಂದಳು ಅಜ್ಜಿ.

"ಆಗ್ಲೇ ಆಗಿದಾಳಲ್ಲ!" ಎಂದ ಅಣ್ಣ.

ಆ ಸಿಟ್ಟಿಗೆ ನಾನು ಗರಗರನೆ ತಿರುವಿದೆ, ಸೋಪು ಗಟ್ಟಿಯಾಯಿತು.

ತಿಂಗಳು ಒಣಗಿಸಿ ಉಜ್ಜಿದರೆ ಮೊಣಕೈವರೆಗೆ ನೊರೆ.

"ಇದು ನೊರೆ ಅಲ್ಲ, ಗುಳ್ಳೆ," ಎಂದ ಅಣ್ಣ.

"ಬಾಯಿ ಮುಚ್ಚಿ ಉಜ್ಜೋ," ಎಂದು ಅಜ್ಜಿ ಬಿಲ್ಲೆಯನ್ನು ಅವನ ಕೈಗೆ ತುರುಕಿದಳು.

ಅಣ್ಣ ಕುಕ್ಕರಗಾಲಲ್ಲಿ ಕೂತು ಗೊಣಗುತ್ತ ಉಜ್ಜಿದ, ಹಿಂಡಿದ, ಪ್ಯಾಂಟನ್ನು ತಂತಿಯ ಮೇಲೆ ಹರವಿದ.