ಕದ್ದು ಕೊಟ್ಟ ಹಾಲು

ಆ ಬಸ್ ಕಂಡಕ್ಟರಮ್ಮನಿಗೆ ಮಗಳು ಹುಟ್ಟಿದಾಗ ಮಗುವಿನ ತೂಕ ಎಂಟುನೂರ ಮೂವತ್ತು ಗ್ರಾಂ. ದಿನವೂ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಚಿಲ್ಲರೆ ಚೀಲವೇ ಅದಕ್ಕಿಂತ ಭಾರವಿರುತ್ತಿತ್ತು. ದಿನ ತುಂಬಲು ಇನ್ನೂ ಹದಿನಾಲ್ಕು ವಾರ ಇರುವಾಗಲೇ ಬಂದುಬಿಟ್ಟ ಮಗುವನ್ನು ಅದರಪ್ಪ ಗಾಜಿನ ಪೆಟ್ಟಿಗೆಯ ಆಚೆ ನಿಂತು ನೋಡಿ, "ಇದೇನೇ ಇದು, ಸಾಸಿವೆ ಕಾಳಿನ ಹಾಗಿದೆ" ಎಂದಿದ್ದ. ಅಂದಿನಿಂದ ವಾರ್ಡಿನವರಿಗೆಲ್ಲ ಅವಳು ಸಾಸಿವೆ.

ಸಾಸಿವೆ ಏಳು ವಾರ ಉಸಿರಾಟದ ಯಂತ್ರದಲ್ಲಿದ್ದಳು. ಎರಡು ಸಲ ಸೋಂಕು ತಗಲಿ ಇನ್ನೇನು ಕೈಬಿಟ್ಟು ಹೋದಳು ಅನ್ನುವ ಹಾಗಾಗಿ ಮತ್ತೆ ಬದುಕಿಕೊಂಡಳು. ಈಗ ಹದಿನೈದು ವಾರ ಕಳೆದಿತ್ತು. ಎರಡೂವರೆ ಕಿಲೋ ತೂಗುತ್ತಿದ್ದಳು, ಕಣ್ಣರಳಿಸಿ ನೋಡುತ್ತಿದ್ದಳು, ಬೆರಳು ಕೊಟ್ಟರೆ ಬಿಡುತ್ತಿರಲಿಲ್ಲ. ಒಂದೇ ಒಂದು ಬರುತ್ತಿರಲಿಲ್ಲ: ಹಾಲು ಕುಡಿಯುವುದು. ಮೂಗಿನಿಂದ ಹೊಟ್ಟೆಗೆ ಇಳಿಸಿದ ತೆಳ್ಳನೆಯ ನಳಿಕೆಯಲ್ಲೇ ಮೂರು ಗಂಟೆಗೊಮ್ಮೆ ಹಾಲು ಹೋಗುತ್ತಿತ್ತು.

"ಚೀಪೋದು ಅಂದ್ರೆ ಸುಲಭ ಅಂದ್ಕೊಂಡ್ರಾ?" ಎಂದಿದ್ದರು ದೊಡ್ಡಕ್ಕ. ಇಪ್ಪತ್ತಾರು ವರ್ಷದಿಂದ ಅದೇ ವಾರ್ಡಿನಲ್ಲಿದ್ದ ಆ ನರ್ಸಮ್ಮನನ್ನು ಡಾಕ್ಟರುಗಳೂ ಹಾಗೇ ಕರೆಯುತ್ತಿದ್ದರು. "ಚೀಪಬೇಕು, ನುಂಗಬೇಕು, ಮಧ್ಯೆ ಉಸಿರೂ ಆಡಬೇಕು. ಹೊಟ್ಟೇಲಿದ್ದಾಗ ಕಲಿಯೋ ಪಾಠ ಅದು. ನಿಮ್ಮ ಮಗಳು ಪಾಠಕ್ಕೆ ಮುಂಚೇನೇ ಶಾಲೆ ಬಿಟ್ಟು ಓಡಿಬಂದಿದಾಳೆ."

ಆ ಪಾಠಕ್ಕೆಂದೇ ಒಂದು ನಿಪ್ಪಲ್ ತರಿಸಿದ್ದರು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕಿರುಬೆರಳಿನ ತುದಿಯಷ್ಟು ಸಣ್ಣದು, ಮೆತ್ತನೆಯದು, ಒಳಗೆ ಗಾಳಿ ಮಾತ್ರ. ಅದರ ಹಿಂದಿನಿಂದ ಒಂದು ಎಳೆ ಕೊಳವೆ ಪುಟ್ಟ ಪೆಟ್ಟಿಗೆಗೆ ಹೋಗುತ್ತಿತ್ತು. ಮಗು ಸರಿಯಾದ ಜೋರಿನಲ್ಲಿ ಚೀಪಿದರೆ ಪೆಟ್ಟಿಗೆಯಿಂದ ತಾಯಿಯ ದನಿ ಬರುತ್ತದೆ. ನಿಲ್ಲಿಸಿದರೆ ಹತ್ತು ಸೆಕೆಂಡಿಗೆ ದನಿಯೂ ನಿಲ್ಲುತ್ತದೆ. ಅಮ್ಮ ಬೇಕೆಂದರೆ ಮತ್ತೆ ಚೀಪಬೇಕು.

ಪೆಟ್ಟಿಗೆಗೆಂದು ದನಿ ಹಿಡಿದಿಡುವ ದಿನ ದೊಡ್ಡಕ್ಕ ಜೋಗುಳ ಹಾಡಲು ಹೇಳಿದರು. ಕಂಡಕ್ಟರಮ್ಮನಿಗೆ ಹಾಡು ಬಾರದು. ಎರಡು ಸಾಲು ಹಾಡುವಷ್ಟರಲ್ಲಿ ಅಳು ಬಂತು.

"ಅತ್ತಿದ್ದನ್ನ ಮಗೂಗೆ ಕೇಳಿಸೋಕಾಗಲ್ಲಮ್ಮ. ದಿನಾ ಬಸ್ಸಲ್ಲಿ ಏನ್ ಹೇಳ್ತೀರೋ ಅದನ್ನೇ ಹೇಳಿ."

"ಅದನ್ನಾ?"

"ನಿಮ್ಮ ಹೊಟ್ಟೇಲಿದ್ದಾಗ ಅವಳು ಕೇಳಿದ್ದು ಅದನ್ನೇ ತಾನೆ?"

ಕಂಡಕ್ಟರಮ್ಮ ಕಣ್ಣೊರೆಸಿಕೊಂಡು ಶುರುಮಾಡಿದಳು. "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಬನ್ನಿ ಒಳಗೆ ಬನ್ನಿ, ಜಾಗ ಇದೆ, ಸ್ವಲ್ಪ ಸರೀರಿ, ಅಜ್ಜೀಗೆ ಸೀಟ್ ಬಿಡಿ..." ವರ್ಷಗಟ್ಟಲೆ ಹೇಳಿ ಹೇಳಿ ಆ ಮಾತಿಗೆ ಒಂದು ರಾಗವೇ ಬಂದುಬಿಟ್ಟಿತ್ತು. ದೊಡ್ಡಕ್ಕ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪೆಟ್ಟಿಗೆಯೊಳಗೆ ಹೋಗಿ ಪಿಸುಮಾತಾಗಿ ಹೊರಬಂದ ಆ ದನಿಗೆ ಸಾಸಿವೆ ಮೊದಲ ದಿನ ಮೂರು ಸಲ ಚೀಪಿದಳು. ದನಿ ನಿಂತಿತು. ಹುಬ್ಬು ಗಂಟಿಕ್ಕಿ ಅತ್ತಿತ್ತ ನೋಡಿ, ನಾಲ್ಕನೆಯ ಸಲ ಚೀಪಿದಳು.

ಆದರೆ ಕಲಿಕೆ ಆಮೆಯ ನಡಿಗೆಯಾಗಿತ್ತು. ಹತ್ತು ದಿನವಾದರೂ ಎಂಟು ಸಲ ಒಂದೇ ಸಮನೆ ಚೀಪುವುದರೊಳಗೆ ಸುಸ್ತಾಗುತ್ತಿದ್ದಳು. ಮಕ್ಕಳ ಡಾಕ್ಟರಮ್ಮ ಸೋಮವಾರ ಕೂರಿಸಿಕೊಂಡು ಹೇಳಿದರು: ಹೀಗೇ ಇದ್ದರೆ ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ನೇರವಾಗಿ ಕೊಳವೆ ಹಾಕಬೇಕಾಗುತ್ತದೆ, ಮಗು ಮನೆಗಾದರೂ ಹೋಗುತ್ತದೆ, ಮುಂದೆ ಕುಡಿಯುವುದನ್ನು ಕಲಿತರೆ ತೆಗೆಯಬಹುದು. ಗದರಿ ಹೇಳಿದ್ದಲ್ಲ, ನಿಧಾನವಾಗಿಯೇ ಹೇಳಿದ್ದರು. ಕಂಡಕ್ಟರಮ್ಮನಿಗೆ ಕೇಳಿಸಿದ್ದು ತೂತು ಎನ್ನುವ ಒಂದೇ ಮಾತು.

ಮನೆಯಲ್ಲಿ ಅತ್ತೆ ಗೊಣಗಿದರು. "ನಾನು ಐದು ಹೆತ್ತೆ. ಹಾಲಿನ ರುಚೀನೇ ತೋರಿಸ್ದೆ ಬರೀ ರಬ್ಬರ್ ಚೀಪಿಸಿದ್ರೆ ಯಾವ ಮಗು ತಾನೆ ಕುಡಿಯತ್ತೆ? ಎರಡು ತೊಟ್ಟು ನಾಲಿಗೆಗೆ ಬಿಟ್ಟು ನೋಡಬಾರ್ದಾ?"

ಆ ಮಾತು ತಲೆಯಲ್ಲಿ ಹುಳುವಿನಂತೆ ಕೊರೆಯುತ್ತಲೇ ಇತ್ತು.

ಬುಧವಾರ ಮಧ್ಯಾಹ್ನ ಮೂರು ಗಂಟೆ. ನಳಿಕೆಯಲ್ಲಿ ಅರ್ಧ ಹಾಲು ಹೋಗಿತ್ತು. ಸಾಸಿವೆ ತಾಯಿಯ ತೊಡೆಯ ಮೇಲೆ ಮಲಗಿ ಎಂದೂ ಇಲ್ಲದ ಹುರುಪಿನಿಂದ ಚೀಪುತ್ತಿದ್ದಳು. ಪೆಟ್ಟಿಗೆಯಲ್ಲಿ ಹನ್ನೊಂದು, ಹನ್ನೆರಡು ಎಂದು ಅಂಕಿ ಏರುತ್ತಿತ್ತು. ಅಷ್ಟರಲ್ಲಿ ಮೂರನೆಯ ತೊಟ್ಟಿಲಿನ ಗಂಟೆ ಬಡಿದುಕೊಂಡಿತು. "ಹೀಗೇ ಇರಿ, ಬಂದೆ" ಎಂದು ದೊಡ್ಡಕ್ಕ ಅತ್ತ ಓಡಿದರು.

ಪಕ್ಕದ ತಟ್ಟೆಯಲ್ಲಿ ಒಂದು ಬಟ್ಟಲು, ಅದರಲ್ಲಿ ಉಳಿದರ್ಧ ಹಾಲಿತ್ತು. ಔಷಧಿ ಹಾಕುವ ಸೂಜಿಯಿಲ್ಲದ ಸಿರಿಂಜ್ ಇತ್ತು. ಕಂಡಕ್ಟರಮ್ಮ ಯೋಚಿಸಲಿಲ್ಲ. ಕೈ ತಾನಾಗಿಯೇ ಹೋಗಿ ಹಾಲು ಎಳೆದುಕೊಂಡಿತು. ನಿಪ್ಪಲ್ ತೆಗೆದು ತುಟಿಯ ಅಂಚಿಗೆ ಒಂದು ತೊಟ್ಟು ಬಿಟ್ಟಳು. ಮಗು ಚಪ್ಪರಿಸಿತು. ಇನ್ನೊಂದು. ನುಂಗಿತು! ಪುಟ್ಟ ಗಂಟಲು ಏರಿ ಇಳಿದದ್ದು ಕಾಣಿಸಿ ಅವಳಿಗೆ ಆಕಾಶಕ್ಕೆ ಮೂರೇ ಗೇಣು ಎನ್ನಿಸಿತು. ಆ ಖುಷಿಯಲ್ಲಿ ಹೆಬ್ಬೆರಳು ತುಸು ಹೆಚ್ಚೇ ಒತ್ತಿತು.

ಮಗು ಕೆಮ್ಮಲಿಲ್ಲ, ಅಳಲಿಲ್ಲ. ಬರೀ ಸುಮ್ಮನಾಯಿತು. ತುಟಿ ಬೂದಿಯಾಗಿ, ಬೂದಿ ನೀಲಿಯಾಯಿತು. ಆಮೇಲೆ ಎದೆಬಡಿತ ಎಣಿಸುವ ಯಂತ್ರ ಕಿರುಚಿಕೊಂಡಿತು.

ದೊಡ್ಡಕ್ಕ ಎಲ್ಲಿಂದ ಹಾರಿಬಂದರೋ, ಮಗುವನ್ನು ಕಿತ್ತುಕೊಂಡು ಮಗ್ಗುಲಿಗೆ ಹೊರಳಿಸಿ, ಬಾಯೊಳಗೆ ಕೊಳವೆ ಹಾಕಿ ಎಳೆದರು. ಬಿಳಿ ಹಾಲು ಬಂತು. ಮೂಗು ಬಾಯಿಗೆ ಮುಚ್ಚಳವಿಟ್ಟು ಗಾಳಿ ಒತ್ತಿದರು. "ಉಸಿರಾಡೇ... ಉಸಿರಾಡು ನನ್ನವ್ವ..." ಪರದೆಯ ಮೇಲೆ ಎದೆಬಡಿತದ ಅಂಕಿ ಎಪ್ಪತ್ತಕ್ಕೆ, ಐವತ್ತೆಂಟಕ್ಕೆ ಇಳಿಯಿತು. ಕಂಡಕ್ಟರಮ್ಮ ಗೋಡೆಗೆ ಅಂಟಿ ನಿಂತಿದ್ದಳು. ನಲವತ್ತು ಸೆಕೆಂಡಾಗಿದ್ದಿರಬಹುದು. ಆಮೇಲೆ ಸಾಸಿವೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಳು. ಅಂಕಿ ಮೇಲೇರಿತು.

ಸಿರಿಂಜ್ ತನ್ನ ಗೌನಿನ ಜೇಬಿಗೆ ಯಾವಾಗ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ.

ಡಾಕ್ಟರಮ್ಮ ಬಂದು ಎಲ್ಲ ನೋಡಿದರು. "ಹೊಟ್ಟೆಯಿಂದ ಹಾಲು ಮೇಲೆ ಬಂದಿದೆ. ಚೀಪಿಸ್ತಾ ಇರುವಾಗಲೇ ಆಗಿದೆ. ಈ ಪೆಟ್ಟಿಗೆ ಸಾಕು, ಇನ್ನು ಬೇಡ. ಶುಕ್ರವಾರ ಬೆಳಗ್ಗೆ ಆಪರೇಷನ್ ಇಟ್ಕೊಳೋಣ." ಆಮೇಲೆ ದೊಡ್ಡಕ್ಕನ ಕಡೆ ತಿರುಗಿದರು. "ನಿಪ್ಪಲ್ ಬಾಯಲ್ಲಿಟ್ಟು ನೀವು ಆ ಕಡೆ ಹೋಗಿದ್ರಾ?"

"ಹೋಗಿದ್ದೆ ಮೇಡಂ."

"ನೀವಾ ದೊಡ್ಡಕ್ಕ?"

ದೊಡ್ಡಕ್ಕ ತಲೆ ತಗ್ಗಿಸಿದರು. ಕಂಡಕ್ಟರಮ್ಮನ ಬಾಯಿ ತೆರೆಯಿತು. ಬಿಸಿ ತುಪ್ಪವನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಳು. ಹೇಳಿದರೆ ಮಗುವನ್ನು ಮುಟ್ಟಲೂ ಬಿಡುವುದಿಲ್ಲ, ತಾಯಿಯಲ್ಲ ಇವಳು ಅನ್ನುತ್ತಾರೆ ಎಂಬ ಹೆದರಿಕೆ. ಆ ಸಂಜೆ ತೆಗೆದ ಎಕ್ಸ್-ರೇಯಲ್ಲಿ ಎದೆ ಚೆನ್ನಾಗಿಯೇ ಕಂಡಿತು. ಏನೂ ಆಗಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗುರುವಾರ ಬೆಳಗ್ಗೆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಲು ಗಂಡ ಹೆಂಡತಿ ಇಬ್ಬರನ್ನೂ ಕರೆದರು. ಗಂಡ ಬೇಕರಿಯಿಂದ ನೇರ ಬಂದಿದ್ದ, ಮೊಣಕೈಯಲ್ಲಿ ಇನ್ನೂ ಹಿಟ್ಟು ಅಂಟಿತ್ತು. ದೊಡ್ಡಕ್ಕ ಮಗುವಿನ ಕಡತ ಹಿಡಿದು ಬಾಗಿಲ ಬಳಿ ನಿಂತಿದ್ದರು. ಅದರ ಮೇಲಿನ ಹಾಳೆಯಲ್ಲಿ ಅವರೇ ಬರೆದ ವರದಿ ಇತ್ತು: ನಾನು ಮಗುವಿನ ಬಳಿ ಇರಲಿಲ್ಲ, ತಪ್ಪು ನನ್ನದು. ಡಾಕ್ಟರಮ್ಮ ಅದನ್ನು ಪಕ್ಕಕ್ಕಿಟ್ಟು ಒಪ್ಪಿಗೆ ಕಾಗದ ಮುಂದೆ ಸರಿಸಿದರು. ಗಂಡ ಪೆನ್ನು ತೆಗೆದುಕೊಂಡ.

"ತಡೀರಿ" ಎಂದಳು ಕಂಡಕ್ಟರಮ್ಮ.

"ಏನೇ?"

ಅವಳು ಚೀಲದಿಂದ ಸಿರಿಂಜ್ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಹಾಲು ಒಣಗಿ ಹಳದಿಯಾಗಿತ್ತು. "ಹೊಟ್ಟೆಯಿಂದ ಬಂದಿದ್ದಲ್ಲ ಮೇಡಂ. ನಾನೇ ಕೊಟ್ಟೆ. ಕದ್ದು ಕೊಟ್ಟೆ. ದೊಡ್ಡಕ್ಕಂದು ಏನೂ ತಪ್ಪಿಲ್ಲ."

ಗಂಡ ಅವಳನ್ನು ನೋಡಿದ ನೋಟವನ್ನು ಅವಳು ಎದುರಿಸಲಾರದೆ ಹೋದಳು. ಡಾಕ್ಟರಮ್ಮ ಬೈಯಬಹುದೆಂದು ಕಾದಳು. ಅವರು ಬೈಯಲಿಲ್ಲ, ಎದ್ದು ನಿಂತರು.

"ಎಷ್ಟು ಕೊಟ್ರಿ?"

"ಎರಡು... ಮೂರು ಎಂಎಲ್ ಇರಬೇಕು."

"ದೊಡ್ಡಕ್ಕ, ಈಗಲೇ ಇನ್ನೊಂದು ಎಕ್ಸ್-ರೇ. ಈಗಲೇ."

ಎರಡನೆಯ ಎಕ್ಸ್-ರೇಯಲ್ಲಿ ಬಲಗಡೆಯ ಶ್ವಾಸಕೋಶದ ಕೆಳಗೆ ಹತ್ತಿಯ ಎಳೆಯಂಥ ಬಿಳಿ ಮಸುಕು ಕಂಡಿತು. ಹಾಲು ಒಳಗಿಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಮೈ ಬಿಸಿಯಾಯಿತು. "ನಾಳೆ ಇದು ಗೊತ್ತಿಲ್ದೆ ಅರಿವಳಿಕೆ ಕೊಟ್ಟಿದ್ರೆ..." ಎಂದು ಡಾಕ್ಟರಮ್ಮ ಮಾತನ್ನು ಅಲ್ಲಿಗೇ ಬಿಟ್ಟರು. ಆಪರೇಷನ್ ಮುಂದೆ ಹೋಯಿತು. ಔಷಧಿ ಶುರುವಾಯಿತು.

ಆರು ದಿನ ಕಂಡಕ್ಟರಮ್ಮ ತೊಟ್ಟಿಲ ಪಕ್ಕ ಬರಿಗೈಯಲ್ಲಿ ಕೂತಳು. ಹಾಲಿನ ತಟ್ಟೆ ಅವಳ ಕೈಗೆ ಸಿಗದಷ್ಟು ದೂರದಲ್ಲಿತ್ತು. ದೊಡ್ಡಕ್ಕ ಬರುತ್ತಿದ್ದರು, ಜ್ವರ ನೋಡುತ್ತಿದ್ದರು, ಬರೆದುಕೊಂಡು ಹೋಗುತ್ತಿದ್ದರು. ಅವಳ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಗಂಡ ಮಾತ್ರ ಮೂರನೆಯ ದಿನ ಪಕ್ಕದಲ್ಲಿ ಬಂದು ಕೂತು, "ನನ್ನ ಕೈಗೆ ಸಿಕ್ಕಿದ್ರೆ ನಾನೂ ಕೊಡ್ತಿದ್ನೇನೋ ಕಂಡಕ್ಟ್ರೇ" ಎಂದ. ಆಗ ಅವಳು ಅತ್ತಳು.

ಏಳನೆಯ ದಿನ ಜ್ವರ ಪೂರ್ತಿ ಬಿಟ್ಟಿತ್ತು. ಡಾಕ್ಟರಮ್ಮ ಪೆಟ್ಟಿಗೆಗೆ ಮತ್ತೆ ಅನುಮತಿ ಕೊಟ್ಟರು. "ಅವತ್ತು ಆಗಿದ್ದು ಮಗುವಿನ ಸೋಲಲ್ಲ. ಹಾಗಾಗಿ ಇನ್ನೊಂದು ವಾರ. ಆಮೇಲೆ ಬಾಟಲಿಯಲ್ಲಿ ಪರೀಕ್ಷೆ. ನಲವತ್ತು ಎಂಎಲ್‌ನಲ್ಲಿ ಅರ್ಧವಾದ್ರೂ ಉಸಿರು ತಪ್ಪದೆ ಕುಡಿಯಬೇಕು. ಇಲ್ದಿದ್ರೆ ಆಪರೇಷನ್. ಒಪ್ಪಿಗೆನಾ?"

"ಒಪ್ಪಿಗೆ ಮೇಡಂ."

ಕಾಯಿಲೆ ಮಗುವಿನ ಬಲ ಹೀರಿತ್ತು. ಮೊದಲ ದಿನ ಐದಕ್ಕೇ ನಿಂತಳು. ಎರಡನೆಯ ದಿನವೂ ಐದು. ಮೂರನೆಯ ದಿನ ನಿಪ್ಪಲ್ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದಳು. ಐದನೆಯ ದಿನ ಏನಾಯಿತೋ, ಹತ್ತು ಸಲ ಚೀಪಿ, ತಾನಾಗಿಯೇ ನಿಂತು ಎರಡು ಉಸಿರೆಳೆದು, ಮತ್ತೆ ಹತ್ತು ಸಲ ಚೀಪಿದಳು. ಯಾರೂ ನಿಲ್ಲಿಸಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಕ್ಕ ಬಗ್ಗಿ ನೋಡಿದರು. "ಹ್ಞೂಂ" ಎಂದರು, ಅಷ್ಟೇ.

ಪರೀಕ್ಷೆಯ ದಿನ ದೊಡ್ಡಕ್ಕ ಮಗುವನ್ನು ಮಗ್ಗುಲಾಗಿ, ತುಸು ತಲೆಯೆತ್ತಿಸಿ ಹಿಡಿದರು. ಡಾಕ್ಟರಮ್ಮ ಪರದೆಯ ಮುಂದೆ ನಿಂತರು. ಕಂಡಕ್ಟರಮ್ಮ ಕಾಲ ದೆಸೆಯಲ್ಲಿ ನಿಂತು ಕಂಬಿ ಹಿಡಿದಿದ್ದಳು. ಬಾಟಲಿಯ ತುದಿ ತುಟಿಗೆ ತಾಗಿತು. ಒಂದು, ಎರಡು, ಮೂರು, ನಾಲ್ಕು, ಐದು. ದೊಡ್ಡಕ್ಕ ಬಾಟಲಿ ತಗ್ಗಿಸಿದರು. ಉಸಿರು. ಮತ್ತೆ ಐದು. ಉಸಿರು. ಹನ್ನೆರಡು ಎಂಎಲ್ ಹೋಗಿತ್ತು. ಅಷ್ಟರಲ್ಲಿ ಎದೆಬಡಿತ ಜಾರಿತು: ನೂರ ಮೂವತ್ತು, ನೂರ ಹತ್ತು, ತೊಂಬತ್ತೆಂಟು. ಡಾಕ್ಟರಮ್ಮನ ಕೈ ಮೇಲೆದ್ದಿತು. "ಒಂದ್ನಿಮಿಷ ಮೇಡಂ" ಎಂದರು ದೊಡ್ಡಕ್ಕ. ಸಾಸಿವೆ ಗಲ್ಲ ನಡುಗಿಸಿ, ಬಾಯಲ್ಲಿದ್ದುದನ್ನು ನುಂಗಿ, ಉದ್ದಕ್ಕೆ ಉಸಿರೆಳೆದಳು. ಅಂಕಿ ಏರಿತು. ಬಾಯಿ ತೆರೆದು ಬಾಟಲಿ ಹುಡುಕಿದಳು.

ಇಪ್ಪತ್ತಾರು ಎಂಎಲ್‌ಗೆ ನಿದ್ದೆ ಹೋದಳು.

"ಆಪರೇಷನ್ ಪಟ್ಟಿಯಿಂದ ಹೆಸರು ತೆಗೀರಿ" ಎಂದು ಡಾಕ್ಟರಮ್ಮ ಹೊರಟರು. ಬಾಗಿಲ ಹತ್ತಿರ ಕಂಡಕ್ಟರಮ್ಮನ ಭುಜ ಒಮ್ಮೆ ಒತ್ತಿದರು.

ಸಂಜೆ ಆರರ ಹಾಲಿನ ಹೊತ್ತಿಗೆ ದೊಡ್ಡಕ್ಕ ಬಾಟಲಿ ತಂದು ಅವಳ ಮುಂದೆ ಹಿಡಿದರು. "ಕೈ ತೊಳ್ಕೊಂಡು ಬನ್ನಿ."

"ಬೇಡಕ್ಕ. ನೀವೇ ಕೊಡಿ. ನನ್ನ ಕೈ ಒಳ್ಳೇದಲ್ಲ."

"ಕೈಗೆ ಏನೂ ಆಗಿಲ್ಲ, ಆತುರಕ್ಕೆ ಬುದ್ಧಿ ಕಮ್ಮಿ ಅಷ್ಟೆ. ಮನೇಗೆ ನಾನು ಬರೋಕಾಗತ್ತಾ? ನಿಮ್ಮ ಮೇಲೆ ನಂಗೆ ಸಿಟ್ಟಿದೆ, ಸುಳ್ಳು ಹೇಳಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಲ್ಲಿ ಅಂಥ ಕಾಗದ ಬರೆಸಿದೋರು ಯಾರೂ ಇಲ್ಲ. ಸಿಟ್ಟು ಇರತ್ತೆ, ಹೋಗತ್ತೆ. ಮಗೂನ ಹಸಿವು ಕಾಯಲ್ಲ. ಹೋಗಿ."

ಅವಳು ಕೈ ತೊಳೆದು ಬಂದು ಕೂತಳು. ದೊಡ್ಡಕ್ಕ ಹಿಂದೆ ನಿಂತು ತಮ್ಮ ಕೈಯನ್ನು ಅವಳ ಕೈ ಮೇಲಿಟ್ಟು ಎಣಿಸಿದರು. "ಐದು. ತಗ್ಗಿಸಿ. ಅವಳ ಉಸಿರು ನೋಡಿ, ಬಾಟಲಿ ನೋಡ್ಬೇಡಿ." ಮೂರು ಸುತ್ತಾದ ಮೇಲೆ ತಮ್ಮ ಕೈ ತೆಗೆದರು. ಅದು ಕಂಡಕ್ಟರಮ್ಮನಿಗೆ ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ.

ಹನ್ನೊಂದು ದಿನದ ನಂತರ ಮೂಗಿನ ನಳಿಕೆ ತೆಗೆದರು. ಅದರ ಮರುದಿನ ಬೆಳಗ್ಗೆ ಹತ್ತರ ಹೊತ್ತಿಗೆ ಸಾಸಿವೆ ಇದ್ದಕ್ಕಿದ್ದಂತೆ ಕೈಕಾಲು ಬಡಿದು, ಮುಖ ಕೆಂಪಗೆ ಮಾಡಿಕೊಂಡು ಅರಚತೊಡಗಿದಳು. ಕಂಡಕ್ಟರಮ್ಮ ಹೌಹಾರಿ ಪರದೆ ನೋಡಿದಳು, ತುಟಿ ನೋಡಿದಳು, ಮೈ ಮುಟ್ಟಿ ನೋಡಿದಳು. ಎಲ್ಲ ಸರಿಯಾಗಿತ್ತು.

"ದೊಡ್ಡಕ್ಕಾ! ಏನಾಯ್ತು ನೋಡಿ ಇವಳಿಗೆ!"

ಆ ಕಡೆಯ ತೊಟ್ಟಿಲಿನಿಂದ ದೊಡ್ಡಕ್ಕ ತಲೆಯೆತ್ತಿ ಒಂದು ಕ್ಷಣ ಕಿವಿಗೊಟ್ಟರು. ಹೊಟ್ಟೆಗೆ ಹಾಲು ತಾನಾಗಿ ಇಳಿಯುತ್ತಿದ್ದ ಮಗು ಇಷ್ಟು ದಿನ ಹೀಗೆ ಅತ್ತಿರಲೇ ಇಲ್ಲ.

"ಹಸಿವಾಗಿದೆ ಕಣಮ್ಮ ಅವಳಿಗೆ" ಎಂದರು. "ನಿಂತ್ಕೊಂಡು ನೋಡ್ತೀರಲ್ಲ, ಬೇಗ ಹಾಲು ತನ್ನಿ!"